ಫಿನ್ನಿನ ಹಿಮ್ಮಡಿ ಪಟ್ಟಿ: ಕೊಳ್ಳುವುದೋ, ಮಾಡಿಕೊಳ್ಳುವುದೋ?

ಸಮುದ್ರದ ಆಳಕ್ಕೆ ಇಳಿಯಹೊರಟವರು ಸಿಲಿಂಡರಿನ ಗಾಳಿಯನ್ನು ಪರೀಕ್ಷಿಸುತ್ತಾರೆ, ರೆಗ್ಯುಲೇಟರಿನಿಂದ ಉಸಿರೆಳೆದು ನೋಡುತ್ತಾರೆ, ಮಾಸ್ಕಿನ ಗಾಜನ್ನು ತೊಳೆದು ಅಣಿಮಾಡಿಕೊಳ್ಳುತ್ತಾರೆ. ಆದರೆ ಕಾಲಿನ ಫಿನ್ನನ್ನು ಹಿಮ್ಮಡಿಯ ಹಿಂದಿನಿಂದ ಬಳಸಿ ಹಿಡಿದಿರುವ ಪುಟ್ಟ ಪಟ್ಟಿಯನ್ನು ಅದೇ ಆಸ್ಥೆಯಿಂದ ನೋಡುವವರು ವಿರಳ. ನೀರಿನೊಳಗೆ ಮನುಷ್ಯನ ಚಲನೆಯೆಲ್ಲವೂ ಬಹುಮಟ್ಟಿಗೆ ಕಾಲಿನ ಬಲದಿಂದಲೇ ನಡೆಯತಕ್ಕದ್ದು. ಬೆನ್ನಿನಲ್ಲಿ ಸಿಲಿಂಡರನ್ನೂ ಸೊಂಟದಲ್ಲಿ ಸೀಸದ ತೂಕವನ್ನೂ ಹೊತ್ತವನು ಒಂದು ಫಿನ್ನನ್ನು ಕಳೆದುಕೊಂಡನೆಂದರೆ ಅವನ ವೇಗ ಕುಗ್ಗುವುದಷ್ಟೇ ಅಲ್ಲ, ಉಳಿದ ಕಾಲಿನ ಸ್ನಾಯು ಹಿಡಿದುಕೊಂಡು, ಶ್ರಮಕ್ಕೆ ತಕ್ಕಂತೆ ಉಸಿರಾಟ ಏರಿ, ಗಾಳಿ ಲೆಕ್ಕಕ್ಕಿಂತ ಮೊದಲೇ ತೀರತೊಡಗುತ್ತದೆ. ಸೆಳವಿಗೆ ಎದುರಾಗಿ ದೋಣಿಗೆ ಮರಳಬೇಕಾದಾಗಲಂತೂ ಅದು ನಿಜವಾದ ಅಪಾಯ. ಆದುದರಿಂದ ಈ ಪಟ್ಟಿಯನ್ನು ಅಂಗಡಿಯಿಂದ ತರುವುದೋ ಮನೆಯಲ್ಲಿಯೇ ಮಾಡಿಕೊಳ್ಳುವುದೋ ಎಂಬುದನ್ನು ಹಣದ ಉಳಿತಾಯವೊಂದರಿಂದಲೇ ನಿರ್ಣಯಿಸುವುದು ಸಾಧುವಲ್ಲ.

ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲಿಯೂ ಈಜಿನ ಫಿನ್ನಿಗೆ 1933ರಲ್ಲಿ ಪೇಟೆಂಟ್ ಪಡೆದನು. ಅದೇ ದೇಶದಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಉಸಿರಾಟದ ಸಾಧನ ಅದರ ಜೊತೆಗೂಡಿದ ಮೇಲೆ ಮುಳುಗುಗಾರನಿಗೆ ಹೊಸ ಲೋಕವೇ ತೆರೆಯಿತು. ಇಂದು ಬಳಕೆಯಲ್ಲಿರುವ ಫಿನ್ನುಗಳಲ್ಲಿ ಬರಿಗಾಲಿಗೆ ತೊಡುವ, ಪಾದವನ್ನು ಪೂರ್ತಿ ಮುಚ್ಚುವ ಬಗೆಗೆ ಪಟ್ಟಿಯ ಗೊಡವೆಯೇ ಇಲ್ಲ. ಬೂಟು ಹಾಕಿಕೊಂಡು ತೊಡುವ, ಹಿಮ್ಮಡಿ ತೆರೆದಿರುವ ಬಗೆಗೆ ಮಾತ್ರ ಪಟ್ಟಿ ಬೇಕು. ಇಲ್ಲಿನ ವಿಚಾರವೆಲ್ಲ ಅದಕ್ಕೆ ಸಂಬಂಧಿಸಿದುದು.

ಫಿನ್ನಿನ ಜೊತೆಯಲ್ಲಿಯೇ ಸಾಮಾನ್ಯವಾಗಿ ಬರುವ ರಬ್ಬರ್ ಪಟ್ಟಿಗೆ ಎರಡು ಕಡೆಯಲ್ಲಿಯೂ ಬಕಲ್ ಇರುತ್ತದೆ, ಎಳೆದು ಬಿಗಿಮಾಡಬಹುದು. ಹಲವರ ಪಾದಗಳಿಗೆ ಒದಗಬೇಕಾದ ಬಾಡಿಗೆಯ ಫಿನ್ನುಗಳಿಗೆ ಇದು ಅನುಕೂಲವಾದ ಏರ್ಪಾಡೇ ಸರಿ. ಆದರೆ ರಬ್ಬರಿಗೆ ವಾಯುಮಂಡಲದ ಓಝೋನು ಶತ್ರು. ಎಳೆದ ಸ್ಥಿತಿಯಲ್ಲಿರುವ ರಬ್ಬರಿನ ಅಣುಸರಪಳಿಗಳನ್ನು ಅದು ಕತ್ತರಿಸುತ್ತ ಹೋಗುತ್ತದೆ. ಎಳೆತದ ದಿಕ್ಕಿಗೆ ಅಡ್ಡವಾಗಿ, ಉಗುರಿನಿಂದ ಗೀರಿದಂತೆ ಕಾಣುವ ಸೂಕ್ಷ್ಮವಾದ ಗೆರೆಗಳು ಮೊದಲು ಮೂಡುತ್ತವೆ. ಪಟ್ಟಿ ನೆಟ್ಟಗಿರುವಾಗ ಇವು ಕಣ್ಣಿಗೆ ಬೀಳುವುದಿಲ್ಲ, ಬಾಗಿಸಿ ಹಿಡಿದಾಗ ಬಾಯ್ದೆರೆಯುತ್ತವೆ. ಅದರಲ್ಲಿಯೂ ಬಕಲ್ಲಿನ ಒಳಗೆ ಮಡಿಚಿಕೊಂಡು ನಿಂತ ಭಾಗದಲ್ಲಿ ಅವು ಆಳವಾಗಿರುತ್ತವೆ. ಬಿಸಿಲಿನಲ್ಲಿ ಒಣಹಾಕಿದ, ಬಿಗಿದಂತೆಯೇ ತಿಂಗಳುಗಟ್ಟಲೆ ಮೂಲೆಗೆ ಸೇರಿಸಿದ ಪಟ್ಟಿ ದೋಣಿಯ ಅಂಚಿನಿಂದ ನೀರಿಗೆ ಹಾರುವ ಕ್ಷಣದಲ್ಲಿ ತುಂಡಾದರೆ ಆಶ್ಚರ್ಯಪಡಬೇಕಾದುದಿಲ್ಲ.

ರಬ್ಬರ್ ಪಟ್ಟಿಗೆ ಇನ್ನೊಂದು ನ್ಯೂನತೆಯುಂಟು. ಮುಳುಗುಗಾರನ ಬೂಟು ನಿಯೋಪ್ರೀನಿನದು. ಆ ಪದಾರ್ಥದ ತುಂಬ ಅನಿಲದ ಸಣ್ಣ ಗುಳ್ಳೆಗಳು. ಹತ್ತು ಮೀಟರ್ ಆಳಕ್ಕೆ ಇಳಿದೊಡನೆ ಒತ್ತಡ ಮೇಲ್ಮೈಯಲ್ಲಿದ್ದುದರ ಎರಡರಷ್ಟಾಗುತ್ತದೆ, 30 ಮೀಟರಿನಲ್ಲಿ ನಾಲ್ಕರಷ್ಟು. ಗುಳ್ಳೆಗಳು ಕುಗ್ಗಿ ಬೂಟು ತೆಳ್ಳಗಾಗುತ್ತದೆ. ದೋಣಿಯ ಮೇಲೆ ಹದವಾಗಿ ಬಿಗಿದುಕೊಂಡ ಪಟ್ಟಿ ಆಳದಲ್ಲಿ ಸಡಿಲವಾಗುವುದು ಈ ಕಾರಣದಿಂದ. ಸ್ಟೇನ್‌ಲೆಸ್ ಉಕ್ಕಿನ ಸ್ಪ್ರಿಂಗನ್ನು ಹಿಮ್ಮಡಿಗೆ ಬಳಸುವ ಪಟ್ಟಿಗಾದರೋ, ಬೂಟು ಕುಗ್ಗಿದಷ್ಟೂ ತಾನೂ ಕುಗ್ಗಿ ಹಿಡಿತವನ್ನು ಬಿಡದಿರುವ ಗುಣವಿದೆ. ಬಕಲ್ಲಿನ ರಗಳೆ ಇಲ್ಲ, ಹಿಂಬದಿಯ ಕುಣಿಕೆಯನ್ನು ಹೆಬ್ಬೆರಳಿನಿಂದ ಎಳೆದರೆ ತೊಟ್ಟಾಯಿತು. ಬೆಲೆ ಹೆಚ್ಚು, ಅಳತೆ ಬದಲಾಯಿಸುವಂತಿಲ್ಲವಾದ್ದರಿಂದ ಬೂಟು ಹಾಕಿಕೊಂಡೇ ಅಳೆದು ಕೊಳ್ಳತಕ್ಕದ್ದು.

ಈ ಬೆಲೆಯೇ ಅನೇಕರನ್ನು ಸ್ವಂತ ತಯಾರಿಕೆಗೆ ಪ್ರೇರೇಪಿಸುತ್ತದೆ. ಮನೆಯಲ್ಲಿ ಮಾಡುವ ಪಟ್ಟಿಗಳಲ್ಲಿ ನನ್ನ ಮನಸ್ಸಿಗೆ ಒಪ್ಪುವುದು ಬಂಜಿ ಹಗ್ಗದ್ದು: ಒಳಗೆ ರಬ್ಬರಿನ ಎಳೆಗಳು, ಹೊರಗೆ ಹೆಣೆದ ಪಾಲಿಯೆಸ್ಟರ್ ಹೊದಿಕೆ. ಹೊದಿಕೆ ಬಿಸಿಲನ್ನೂ ಉಜ್ಜಾಟವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಹಿಮ್ಮಡಿಗೆ ತಗಲುವ ಭಾಗಕ್ಕೆ ಮೆತ್ತನೆಯ ಕೊಳವೆಯೊಂದನ್ನು ಪೋಣಿಸಿದರೆ ನೋವೂ ಇರದು. ಆದರೆ ಗಂಟಿನ ವಿಷಯದಲ್ಲಿ ಎಚ್ಚರ ಅಗತ್ಯ. ಇಂಥ ಹಗ್ಗ ಎಳೆದಾಗ ಸಪೂರವಾಗುತ್ತದೆ. ಸಡಿಲ ಸ್ಥಿತಿಯಲ್ಲಿ ಹಾಕಿದ ಗಂಟು, ಹಗ್ಗ ಸಪೂರವಾದೊಡನೆ ಜಾರಲು ಆರಂಭಿಸುತ್ತದೆ. ಆದ್ದರಿಂದ ತುದಿಯನ್ನು ಒಂದಕ್ಕೆರಡು ಸುತ್ತು ತಂದು, ಹಗ್ಗವನ್ನು ಜಗ್ಗಿ ಹಿಡಿದೇ ಗಂಟನ್ನು ಬಿಗಿಯಬೇಕು, ನಾಲ್ಕು ಬೆರಳಿನಷ್ಟು ತುದಿ ಉಳಿಸಬೇಕು, ಕತ್ತರಿಸಿದ ಹೊದಿಕೆಯ ಎಳೆಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಕೂಡಿಸಬೇಕು. ಫಿನ್ನಿನ ತೂತಿನ ಅಂಚು ಹರಿತವಾಗಿದ್ದರೆ ಮರಳುಕಾಗದದಿಂದ ತಿಕ್ಕಿ ನುಣುಪುಮಾಡುವುದೂ ಆಗಬೇಕಾದ ಕೆಲಸ, ಏಕೆಂದರೆ ಹೊದಿಕೆ ಹರಿಯುವುದು ಅಲ್ಲಿಯೇ.

ಸ್ಪ್ರಿಂಗ್ ಪಟ್ಟಿಯನ್ನು ಮನೆಯಲ್ಲಿ ಮಾಡುವುದನ್ನು ನಾನು ಅನುಮೋದಿಸಲಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸತುವಿನ ಲೇಪದ ಸ್ಪ್ರಿಂಗು ಉಪ್ಪುನೀರಿಗೆ ಬಹುಕಾಲ ತಾಳುವುದಿಲ್ಲ. ಸ್ಟೇನ್‌ಲೆಸ್ ಎಂದು ಮಾರುವುದರಲ್ಲಿಯೂ ತರತಮವಿದೆ: 316 ಎಂಬ ದರ್ಜೆಯ ಉಕ್ಕಿನಲ್ಲಿ ಶೇಕಡ ಎರಡರಿಂದ ಮೂರರಷ್ಟು ಮಾಲಿಬ್ಡಿನಮ್ ಇದ್ದು, ಉಪ್ಪಿನ ಕೊರೆತಕ್ಕೆ ಅದು ಸಾಮಾನ್ಯವಾದ 304ಕ್ಕಿಂತ ಚೆನ್ನಾಗಿ ಪ್ರತಿರೋಧ ಒಡ್ಡುತ್ತದೆ. ಇವೆರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸಲಾಗದು. ಸರಿಯಾದ ಲೋಹವೇ ದೊರೆತರೂ, ಗಡಸುಮಾಡಿದ ಸ್ಪ್ರಿಂಗಿನ ತಂತಿಯ ತುದಿಯನ್ನು ಇಕ್ಕಳದಿಂದ ಬಲವಂತವಾಗಿ ಕೊಕ್ಕೆಯಾಗಿ ಬಗ್ಗಿಸಿದರೆ ಆ ಬಾಗಿನಲ್ಲಿ ಕಾಣದ ಬಿರುಕು ಹುಟ್ಟಬಹುದು. ಕಾಲಿನ ಒದೆತ ಸಾವಿರಾರು ಸಲ ಅದೇ ಸ್ಥಳವನ್ನು ಎಳೆದೆಳೆದು ಒಂದು ದಿನ ಮುರಿಯುತ್ತದೆ.

ಹೀಗಿರುವಾಗ, ಹೊಸಬರು ಕೊಂಡ ಪಟ್ಟಿಯನ್ನೇ ಬಳಸಲಿ, ಸ್ವಂತ ಫಿನ್ನುಳ್ಳವರು ಶಕ್ತಿಯಿದ್ದರೆ ಸ್ಪ್ರಿಂಗಿನದನ್ನೇ ಕೊಳ್ಳಲಿ, ಹಗ್ಗ ಮತ್ತು ಗಂಟುಗಳ ಸ್ವಭಾವ ಬಲ್ಲವರು ಬಂಜಿಯ ಪಟ್ಟಿಯನ್ನು ನಿಶ್ಚಿಂತೆಯಿಂದ ಮಾಡಿಕೊಳ್ಳಲಿ, ಎಂಬುದು ನನ್ನ ಅಭಿಪ್ರಾಯ. ಹೊಸದನ್ನು ಮೊದಲು ಈಜುಕೊಳದಲ್ಲಿಯೋ ಆಳವಿಲ್ಲದ ನೀರಿನಲ್ಲಿಯೋ ಪರೀಕ್ಷಿಸಿಯೇ ಸಮುದ್ರಕ್ಕೆ ಒಯ್ಯಬೇಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋದವರಿಗೆ ದೋಣಿಯ ಮೇಲೆ ಪಟ್ಟಿ ಹರಿದರೆ ಅಲ್ಲಿ ಅಂಗಡಿಯಿಲ್ಲ. ಬಾಡಿಗೆಯ ಫಿನ್ನಾದರೂ ತೊಡುವ ಮೊದಲು ಪಟ್ಟಿಯನ್ನು ಬಾಗಿಸಿ ನೋಡಿರಿ, ಗೀರು ಕಂಡರೆ ಬೇರೆಯದನ್ನು ಕೇಳಿರಿ. ಸ್ವಂತದ್ದಾದರೆ, ಪ್ರತಿಸಲವೂ ಸಿಹಿನೀರಿನಲ್ಲಿ ತೊಳೆದು, ಸಡಿಲಿಸಿ, ನೆರಳಿನಲ್ಲಿ ಒಣಗಿಸಿರಿ. ಚೀಲದಲ್ಲಿ ಒಂದು ಪಟ್ಟಿ ಹೆಚ್ಚಾಗಿಯೇ ಇರಲಿ.