ನಿತ್ಯಜೀವ ಮತ್ತು ಮೋಕ್ಷ

ಕನ್ನಡದಲ್ಲಿರುವ ಕ್ರೈಸ್ತ ಗ್ರಂಥಗಳನ್ನು ಓದುವವರಿಗೆ ರಕ್ಷಣೆ, ಪುನರುತ್ಥಾನ, ನಿತ್ಯಜೀವ ಎಂಬ ಮೂರು ಮಾತುಗಳು ಪದೇ ಪದೇ ಎದುರಾಗುತ್ತವೆ. ಮೂರೂ ಸಂಸ್ಕೃತಮೂಲದವು, ಆದುದರಿಂದ ಇವುಗಳ ಅರ್ಥವು ತನಗೆ ತಿಳಿದೇ ಇದೆಯೆಂದು ಭಾವಿಸಿ, ರಕ್ಷಣೆಯೆಂದರೆ ಮೋಕ್ಷ, ನಿತ್ಯಜೀವವೆಂದರೆ ಆತ್ಮದ ಅಮರತ್ವ ಎಂದು ಓದುಗನು ಮುಂದೆ ಸಾಗುವುದುಂಟು. ಹಾಗೆ ಓದಿದರೆ ಗ್ರಂಥದ ತಾತ್ಪರ್ಯವೇ ಕೈತಪ್ಪುತ್ತದೆ. ಈ ಮಾತುಗಳ ಭಾವವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಮರಣದ ವಿಚಾರ. ಹಳೆಯ ಒಡಂಬಡಿಕೆಯ ಪ್ರಾಚೀನ ಭಾಗಗಳ ಪ್ರಕಾರ, ಸತ್ತವರೆಲ್ಲರೂ ಷೆಯೋಲ್ ಎಂಬ ನೆರಳಿನ ಲೋಕವನ್ನು ಸೇರುವರು. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ಪಾತಾಳ’ ಎಂದಿದೆ. ಇದು ದಂಡನೆಯ ಸ್ಥಾನವಲ್ಲ. ಆ ಅರ್ಥವುಳ್ಳ ಗೆಹೆನ್ನಾ ಎಂಬುದಕ್ಕೆ ‘ನರಕ’ ಎಂಬ ಬೇರೆ ಶಬ್ದವಿದೆ. ಸತ್ತವರು ಮರಳಿ ಏಳುವರೆಂಬ ನಂಬಿಕೆಯು ಕ್ರಿಸ್ತಪೂರ್ವ 2ನೆಯ ಶತಮಾನದ ದಾನಿಯೇಲನ ಗ್ರಂಥದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯೇಸುವಿನ ಕಾಲದ ಯೆಹೂದ್ಯರಲ್ಲಿ ಫರಿಸಾಯರು ಇದನ್ನು ಒಪ್ಪಿದರು, ಸದ್ದುಕಾಯರು ಒಪ್ಪಲಿಲ್ಲ.

ಪೌಲನ ಮತದಲ್ಲಿ ಮರಣವು ಮನುಷ್ಯನಿಗೆ ಸ್ವಾಭಾವಿಕವಾದುದಲ್ಲ; ಪಾಪದ ಮೂಲಕ ಲೋಕವನ್ನು ಹೊಕ್ಕ ಶತ್ರು. ಆದುದರಿಂದ ದೇಹವನ್ನು ಬಿಟ್ಟು ಆತ್ಮವು ಪಾರಾಗುವುದು ಜಯವೆನಿಸದು. ಶತ್ರುವಿನ ವಶವಾದ ದೇಹವೂ ಮರಳಿ ಬರಬೇಕು. ಗ್ರೀಕರಲ್ಲಿ ಪ್ಲೇಟೋ ಆತ್ಮದ ಅಮರತ್ವವನ್ನು ಸಾಧಿಸಿದ್ದನು. ಪೌಲನು ಗ್ರೀಕರ ನಗರವಾದ ಕೊರಿಂಥಕ್ಕೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಬಿತ್ತಿದ ಕಾಳಿನ ದೃಷ್ಟಾಂತವನ್ನು ಕೊಟ್ಟು, ದೇಹವು ರೂಪಾಂತರಹೊಂದಿ ಏಳುವುದೆಂದು ವಾದಿಸುತ್ತಾನೆ. ಕ್ರಿ. ಶ. 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದುದೆನ್ನುವ ವಿಶ್ವಾಸಪ್ರಮಾಣದಲ್ಲಿಯೂ ನಿರೀಕ್ಷಿಸತಕ್ಕುದೆಂದು ಹೇಳಿರುವುದು ಸತ್ತವರ ಪುನರುತ್ಥಾನವನ್ನು ಮತ್ತು ಬರಲಿರುವ ಲೋಕದ ಜೀವವನ್ನು.

ರಕ್ಷಣೆ ಎಂಬುದಕ್ಕೆ ಮೂಲದಲ್ಲಿರುವ ಗ್ರೀಕ್ ಶಬ್ದ ಸೋತೇರಿಯಾ. ಹಡಗು ಒಡೆಯುವಾಗ ಪ್ರಾಣ ಉಳಿಯುವುದಕ್ಕೂ ಅದೇ ಶಬ್ದದ ಪ್ರಯೋಗವಿದೆ. ಬಂಧದಿಂದ ಬಿಡುಗಡೆ ಎನ್ನುವುದಕ್ಕಿಂತ ಅಪಾಯದಲ್ಲಿರುವವನನ್ನು ಮತ್ತೊಬ್ಬನು ಉಳಿಸುವನೆಂಬ ಭಾವವೇ ಇಲ್ಲಿ ಮುಖ್ಯ. ‘ನಿತ್ಯ’ ಎಂದು ಅನುವಾದಿತವಾದ ಐಯೋನಿಯೋಸ್ ಶಬ್ದವು ಯುಗವೆಂಬ ಅರ್ಥದ ಐಯೋನ್‌ನಿಂದ ಬಂದುದು. ಅಂತ್ಯವಿಲ್ಲದ ಕಾಲವೆಂಬುದರ ಜೊತೆಗೆ ಬರಲಿರುವ ಯುಗದ ಜೀವವೆಂಬ ಅರ್ಥವೂ ಅದರಲ್ಲಿ ಅಡಗಿದೆ. ಆ ಜೀವವು ದೇವರನ್ನು ಅರಿತವನಲ್ಲಿ ಈಗಲೇ ಆರಂಭವಾಗುವುದೆಂಬುದು ಯೋಹಾನನ ಸುವಾರ್ತೆಯ ವಿಶೇಷ.

ಮರಣಕ್ಕೂ ಪುನರುತ್ಥಾನಕ್ಕೂ ನಡುವಣ ಸ್ಥಿತಿಯ ವಿಷಯದಲ್ಲಿ ಸಭೆಗಳೊಳಗೆ ಭೇದವುಂಟು. ಪರಿಶುದ್ಧಾತ್ಮರು ಅಂತಿಮ ತೀರ್ಪಿಗೆ ಮೊದಲೇ ದೇವದರ್ಶನವನ್ನು ಹೊಂದುವರೆಂದು ಪೋಪ್ 12ನೆಯ ಬೆನೆಡಿಕ್ಟನು 1336ರಲ್ಲಿ ನಿರ್ಣಯಿಸಿದನು. ಶುದ್ಧೀಕರಣಸ್ಥಾನವುಂಟೆಂದು 1563ರಲ್ಲಿ ಟ್ರೆಂಟ್ ಸಭೆಯು ಸಾರಿತು. ಪ್ರೊಟೆಸ್ಟೆಂಟರು ಅದನ್ನು ಅಂಗೀಕರಿಸಲಿಲ್ಲ. ಆದರೆ ಪುನರುತ್ಥಾನದ ನಿರೀಕ್ಷೆಯು ಇಬ್ಬರಿಗೂ ಸಮಾನ.

ಇನ್ನು ಮೋಕ್ಷ ಶಬ್ದವನ್ನು ನೋಡೋಣ. ಜೈನಕಾವ್ಯಗಳಲ್ಲಿ ಕರ್ಮಕ್ಷಯವಾದ ಜೀವನು ದೇಹವನ್ನು ತೊರೆದು ಲೋಕಾಗ್ರವನ್ನು ಸೇರುವನು. ವೀರಶೈವರಲ್ಲಿ ಅಂಗವು ಲಿಂಗದಲ್ಲಿ ಐಕ್ಯವಾಗುವುದು. ಮಧ್ವಸಿದ್ಧಾಂತದಲ್ಲಿ ಮುಕ್ತನು ದೇವರಿಂದ ಭಿನ್ನನಾಗಿಯೇ ಆನಂದಿಸುವನೆಂಬುದು ಕ್ರೈಸ್ತಭಾವಕ್ಕೆ ಹತ್ತಿರವಾದುದು ನಿಜ. ಆದರೆ ಅಲ್ಲಿಯೂ ಪಾಂಚಭೌತಿಕ ದೇಹಕ್ಕೆ ಪುನರುತ್ಥಾನವಿಲ್ಲ. ಹೀಗಿರುವಾಗ ರಕ್ಷಣೆಯೆಂಬಲ್ಲಿ ಮೋಕ್ಷವೆಂದು ಬರೆದರೆ, ಓದುಗನ ಮನಸ್ಸಿಗೆ ಮೊದಲು ಹೊಳೆಯುವುದು ಜನ್ಮಪರಂಪರೆಯ ನಿವೃತ್ತಿ. ಕ್ರೈಸ್ತಮತದಲ್ಲಿ ಆ ಪರಂಪರೆಯೇ ಇಲ್ಲ.

1831ರಲ್ಲಿ ಬೈಬಲ್ ಕನ್ನಡದಲ್ಲಿ ಸಮಗ್ರವಾಗಿ ಅಚ್ಚಾದಂದಿನಿಂದ ನಮ್ಮ ಹಳೆಯ ಶಬ್ದಗಳು ಹೊಸ ಅರ್ಥಗಳನ್ನು ಹೊತ್ತು ನಡೆದಿವೆ. ಪಾಠಹೇಳುವವರು ಇವುಗಳನ್ನು ಪರಿಚಿತ ಪರ್ಯಾಯಪದಗಳಿಂದ ವಿವರಿಸದೆ, ಪ್ರಯೋಗವನ್ನು ನೋಡಿ ಅರ್ಥವನ್ನು ನಿರ್ಣಯಿಸುವುದು ಯುಕ್ತ. ಕನ್ನಡ ಶಬ್ದಗಳ ಅರ್ಥಚರಿತ್ರೆಯನ್ನು ಬರೆಯುವ ವಿದ್ವಾಂಸರೂ ಈ ಪ್ರಯೋಗಗಳನ್ನು ಪ್ರತ್ಯೇಕವಾಗಿ ಗಣಿಸುವುದು ಅವಶ್ಯಕವಾಗಿರುತ್ತದೆ.