ಹಲಸೂರು ಕೆರೆಯ ಹಸುರು

2016ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಚರಂಡಿಯ ನೀರು ಸೇರಿ, ಕೆರೆಯಲ್ಲಿ ಕರಗಿದ್ದ ಪ್ರಾಣವಾಯು ಸಾಲದೆ ಹೋದುದೇ ಕಾರಣವೆಂದು ಆಗ ಹೇಳಿದರು. ಹಸುರು ಗಿಡವು ಪ್ರಾಣವಾಯುವನ್ನು ಕೊಡುವುದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಇಂಥ ಕೆರೆಗಳ ನೀರಾದರೋ ಪಾಚಿಯಿಂದ ಹಸುರಾಗಿರುವುದು. ಹಾಗಿದ್ದ ಮೇಲೆ ಅಲ್ಲಿನ ಮೀನಿಗೆ ಉಸಿರು ಕಟ್ಟುವುದೆಂತು?

ಇದಕ್ಕೆ ಉತ್ತರವು ಬಲು ಹಳೆಯದು. ಇಂಗನ್‌ಹೌಸ್ ಎಂಬ ಡಚ್ ವೈದ್ಯನು 1779ರಲ್ಲಿ ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿನಲ್ಲಿಟ್ಟು ನೋಡಿದನು. ಎಲೆಗಳಿಂದ ಗುಳ್ಳೆಗಳೆದ್ದುವು, ಕತ್ತಲೆಯಲ್ಲಿ ಅವು ನಿಂತುಹೋದುವು. ಅಷ್ಟೇ ಅಲ್ಲ, ರಾತ್ರಿಯಲ್ಲಿ ಗಿಡಗಳು ಸುತ್ತಲಿನ ಗಾಳಿಯನ್ನು ಕೆಡಿಸುವುವೆಂದೂ ಅವನು ಕಂಡನು. ಪಾಚಿಯೂ ಹಾಗೆಯೇ. ಹಗಲು ಪ್ರಾಣವಾಯುವನ್ನು ಬಿಡುವ ಅದೇ ಪಾಚಿಯು ಇರುಳೆಲ್ಲ ಅದನ್ನು ಉಸಿರಾಡಿ ತೀರಿಸುವುದು. ಪಾಚಿಯು ಮಿತವಾಗಿದ್ದರೆ ಬಾಧೆಯಿಲ್ಲ. ಆದರೆ ಚರಂಡಿಯ ನೀರಿನೊಡನೆ ಬರುವ ಸಾರಜನಕವೂ ರಂಜಕವೂ ಅದಕ್ಕೆ ಗೊಬ್ಬರವಾಗಿ, ಅದು ದಟ್ಟವಾಗಿ ಹಬ್ಬುವುದು. ಮೇಲಿನ ಪದರವು ಕೆಳಗಿನದಕ್ಕೆ ಬೆಳಕನ್ನು ತಡೆಯುವುದು. ಸತ್ತು ಮುಳುಗಿದುದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೂ ಪ್ರಾಣವಾಯುವನ್ನೇ ಬೇಡುವುವು. ಬೇಸಗೆಯ ಬಿಸಿನೀರು ಪ್ರಾಣವಾಯುವನ್ನು ಕಡಿಮೆಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಅರುಣೋದಯಕ್ಕೆ ಸ್ವಲ್ಪ ಮುಂಚಿನ ವೇಳೆಯೇ ಮೀನಿಗೆ ಅತ್ಯಂತ ಕಷ್ಟಕಾಲ.

ಪಾಚಿಯು ಬೆಳಕಿನಲ್ಲಿ ಮಾಡುವ ಅಡಿಗೆಯನ್ನು ಹಂತಹಂತವಾಗಿ ಬಿಡಿಸಿ ತೋರಿಸಿದವರು ಅಮೇರಿಕಾದ ಬರ್ಕ್ಲಿಯ ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಎಂಬವರು. ಅವರು ಕ್ಲೋರೆಲ್ಲಾ ಎಂಬ ಒಂದೇ ಕೋಶದ ಪಾಚಿಯನ್ನು ಚಪ್ಪಟೆಯಾದ ಗಾಜಿನ ಪಾತ್ರೆಯಲ್ಲಿ ಬೆಳಕಿಗಿಟ್ಟು, ವಿಕಿರಣವನ್ನು ಸೂಸುವ ಇಂಗಾಲವನ್ನು ಅದಕ್ಕೆ ಉಣಿಸಿದರು. ಕೆಲವೇ ಸೆಕೆಂಡುಗಳಾದ ಕೂಡಲೆ ಪಾಚಿಯನ್ನು ಬಿಸಿ ಮದ್ಯಸಾರಕ್ಕೆ ಸುರಿದು ಕೊಂದರು. ಅಡಿಗೆಯು ನಡುವೆಯೇ ನಿಂತಿತು. ಅದರ ರಸವನ್ನು ಕಾಗದದ ಮೇಲೆ ಹರಿಯಿಸಿ ಪದಾರ್ಥಗಳನ್ನು ಬೇರ್ಪಡಿಸಿ, ಕಾಗದಕ್ಕೆ ಎಕ್ಸ್-ರೇ ಫಿಲ್ಮನ್ನು ಒತ್ತಿದಾಗ, ಆ ಇಂಗಾಲವು ಸೇರಿದ್ದೆಡೆಯಲ್ಲೆಲ್ಲ ಕಪ್ಪು ಮಚ್ಚೆಗಳು ಮೂಡಿದುವು. ಕಾಲವನ್ನು ಕಡಿಮೆಮಾಡುತ್ತ ಹೋದಂತೆ ಮಚ್ಚೆಗಳೂ ಕಡಿಮೆಯಾಗಿ, ಕಡೆಗೆ ಮುಖ್ಯವಾಗಿ ಉಳಿದುದು ಮೂರು ಇಂಗಾಲದ ಪರಮಾಣುಗಳುಳ್ಳ ಒಂದು ಆಮ್ಲ. ಸಕ್ಕರೆಯು ಒಮ್ಮೆಗೇ ಆಗುವುದಲ್ಲ. ಐದು ಇಂಗಾಲಗಳ ಪದಾರ್ಥವೊಂದು ಅಂಗಾರಾಮ್ಲವಾಯುವಿನಿಂದ ಇನ್ನೊಂದನ್ನು ಹಿಡಿದು, ಮೂರು ಮೂರಾಗಿ ಒಡೆಯುವುದು. ಇವುಗಳಿಂದ ಸಕ್ಕರೆಯೂ ಆಗಿ, ಮೊದಲಿನ ಐದರದೂ ಮತ್ತೆ ಹುಟ್ಟುವುದು. 1961ರ ನೊಬೆಲ್ ಬಹುಮಾನವು ಕ್ಯಾಲ್ವಿನ್ ಒಬ್ಬರಿಗೇ ಸಂದಿತು. ಕಾಗದದ ಮೇಲಿನ ಆ ಸೂಕ್ಷ್ಮ ಕೆಲಸದಲ್ಲಿ ಬೆನ್ಸನರ ಕೈ ಎಷ್ಟಿತ್ತೆಂಬುದನ್ನು ಎಣಿಸಿದರೆ ಇದು ಪೂರ್ಣನ್ಯಾಯವೆಂದು ನಮಗೆ ತೋರುವುದಿಲ್ಲ.

ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರರೂ ಅವರ ಸಂಗಡಿಗರೂ ವರ್ತೂರು ಕೆರೆಯು ತನ್ನೊಳಗೆ ಹರಿದುಬರುವ ಕೊಳಚೆಯನ್ನು ಎಷ್ಟರಮಟ್ಟಿಗೆ ತಾನೇ ಶುದ್ಧಿಮಾಡಬಲ್ಲುದೆಂಬುದನ್ನು ಪರೀಕ್ಷಿಸಿದ್ದಾರೆ. ಗಾಜಿನಂಥ ಕವಚವುಳ್ಳ ಡಯಾಟಮ್ ಎಂಬ ಪಾಚಿಗಳು ತಮ್ಮೊಳಗೆ ಎಣ್ಣೆಯ ಹನಿಗಳನ್ನು ಕೂಡಿಡುವುವಷ್ಟೆ. ಹಸುವನ್ನು ಕೊಲ್ಲದೆ ಹಾಲು ಕರೆಯುವಂತೆ ಇವುಗಳಿಂದಲೂ ಎಣ್ಣೆಯನ್ನು ಪಡೆಯಬಹುದೆಂಬ ವಿಚಾರವನ್ನು ರಾಮಚಂದ್ರರು 2009ರಲ್ಲಿ ಇತರರೊಡಗೂಡಿ ಪ್ರಕಟಿಸಿದರು. ಪಾಚಿಯು ನೀರಿನಿಂದ ಸಾರಜನಕವನ್ನೂ ರಂಜಕವನ್ನೂ ಹೀರಿಕೊಳ್ಳುವುದೇನೋ ನಿಜ. ಆದರೆ ಅದು ಸತ್ತು ತಳಕ್ಕಿಳಿಯುವ ಮೊದಲೇ ಅದನ್ನು ಕೆರೆಯಿಂದ ಹೊರಗೆ ತೆಗೆಯಬೇಕು. ತೆಗೆಯದಿದ್ದರೆ, ಹೀರಿದುದರಲ್ಲಿ ಬಹುಭಾಗವು ಮರಳಿ ನೀರಿಗೇ ಸೇರುವುದು.