‘ಟಕ್’ ಎನ್ನದ ನಾಲ್ಕನೆಯ ಬಾಗಿಲು

ಚಾಲಕನ ಬಾಗಿಲಲ್ಲಿ ಕೀ ತಿರುಗಿಸಿದರೆ ನಾಲ್ಕೂ ಬಾಗಿಲು ಒಟ್ಟಿಗೆ ‘ಟಕ್’ ಎನ್ನಬೇಕು. ಹದಿನೈದಿಪ್ಪತ್ತು ವರ್ಷ ಓಡಿದ ಕಾರಿನಲ್ಲಿ ಮೂರು ಟಕ್ ಎನ್ನುತ್ತವೆ, ನಾಲ್ಕನೆಯದು ಸುಮ್ಮನಿರುತ್ತದೆ. ‘ಸೆಂಟ್ರಲ್ ಲಾಕಿನ ಸೆಟ್ಟೇ ಬದಲಾಯಿಸಿಬಿಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಒಂದು ವೈರು, ಇಲ್ಲವೇ ಒಣಗಿದ ಗ್ರೀಸು.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಕಾಲದ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಎಂದರೆ ಬಹುತೇಕ ಮಾಲೀಕರು ಹೊರಗಡೆ ಹಾಕಿಸಿಕೊಂಡದ್ದೇ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಸಿಗುವ ಸಾಧಾರಣ ಕಿಟ್‌ನಲ್ಲಿ ನಾಲ್ಕು ಪುಟ್ಟ ಮೋಟರು, ಒಂದು ಕಂಟ್ರೋಲ್ ಬಾಕ್ಸು ಇರುತ್ತವೆ. ಚಾಲಕನ ಬಾಗಿಲಿನ ಮೋಟರಿಗೆ ಐದು ವೈರು, ಉಳಿದವಕ್ಕೆ ಎರಡೆರಡು. ಐದು ವೈರಿನದೇ ಯಜಮಾನ. ಅದರೊಳಗಿನ ಸ್ವಿಚ್ಚು ಬಾಕ್ಸಿಗೆ ಸುದ್ದಿ ಮುಟ್ಟಿಸುತ್ತದೆ. ಬಾಕ್ಸು 12 ವೋಲ್ಟ್ ಕರೆಂಟನ್ನು ಕ್ಷಣಮಾತ್ರ ಹರಿಸುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಅದೇ ಮೋಟರು ಹಿಂದಕ್ಕೆ ತಿರುಗಿ ಬೀಗ ತೆಗೆಯುತ್ತದೆ. ಇದಿಷ್ಟು ತಿಳಿದರೆ ಅರ್ಧ ರೋಗ ಪತ್ತೆಯಾದಂತೆ.

ನಾಲ್ಕೂ ಬಾಗಿಲು ಸತ್ತಿದ್ದರೆ ಮೊದಲು ಫ್ಯೂಸ್ ನೋಡಬೇಕು. ಲಾಕ್ ಆದ ಮರುಕ್ಷಣವೇ ತೆರೆದುಕೊಂಡರೆ ಯಜಮಾನ ಮೋಟರಿನ ಸ್ವಿಚ್ಚಿನ ಮೇಲೆ, ಅದರ ರಾಡ್ ಕೂರಿಸಿದ ರೀತಿಯ ಮೇಲೆ ಅನುಮಾನಪಡಬೇಕು.

ಒಂದೇ ಬಾಗಿಲು ಕೈಕೊಟ್ಟಿದೆಯೇ? ಆಗ ಕೈ ಹೋಗಬೇಕಾದದ್ದು ಬಾಗಿಲು ಮತ್ತು ಬಾಡಿಯ ನಡುವೆ, ಹಿಂಜಿನ ಪಕ್ಕದ ರಬ್ಬರ್ ಕೊಳವೆಗೆ. ದಿನಕ್ಕೆ ಹತ್ತು ಸಲ ತೆರೆದ ಬಾಗಿಲು ಇಪ್ಪತ್ತು ವರ್ಷದಲ್ಲಿ 73,000 ಸಲ ತೆರೆದಿರುತ್ತದೆ. ಪ್ರತಿಸಲವೂ ವೈರು ಅದೇ ಜಾಗದಲ್ಲಿ ಬಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಮೆಲ್ಲಗೆ ಎಳೆದರೆ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಬರೀ ತಿರುಚಿ ಟೇಪ್ ಸುತ್ತಿದರೆ ಒಂದೆರಡು ಮಳೆಗಾಲದಲ್ಲಿ ತಾಮ್ರ ಹಸಿರುಗಟ್ಟುತ್ತದೆ. ಹೊಸ ವೈರಿನ ತುಂಡು ಸೇರಿಸಿ, ಬಾಗುವ ಜಾಗದಿಂದ ದೂರದಲ್ಲಿ ಬೆಸುಗೆ ಹಾಕಿ ಸ್ಲೀವ್ ಏರಿಸುವುದೇ ಸರಿಯಾದ ಕೆಲಸ.

ವೈರೋ ಮೋಟರೋ ಎಂದು ತಿಳಿಯಲು ಒಂದು ಟೆಸ್ಟ್ ಲ್ಯಾಂಪ್ ಸಾಕು. ಒಳಗಿನ ಪ್ಯಾಡ್ ಬಿಚ್ಚಿ, ಮೋಟರಿಗೆ ಬರುವ ಎರಡು ವೈರಿಗೆ ಬಲ್ಬು ಹಿಡಿದು, ಇನ್ನೊಬ್ಬರಿಂದ ಲಾಕ್ ಮಾಡಿಸಬೇಕು. ಬಲ್ಬು ಮಿಂಚಿದರೆ ವೈರು ಸರಿ, ಮೋಟರು ಹೋಗಿದೆ. ಒಂದೇ ಮೋಟರು ಬಿಡಿಯಾಗಿಯೂ ಸಿಗುತ್ತದೆ.

ಮೋಟರು ಗುಯ್ಗುಟ್ಟಿಯೂ ಬೀಗ ಅಲುಗದಿದ್ದರೆ? ರಾಡಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿರಬಹುದು, ಇಲ್ಲವೇ ಲಾಕಿನೊಳಗೆ ಧೂಳು ಕುಡಿದ ಗ್ರೀಸು ಅಂಟಾಗಿ ಕೂತಿರಬಹುದು. ಇಲ್ಲಿ ಹೆಚ್ಚಿನವರು ಡಬ್ಲ್ಯುಡಿ-40 ಹೊಡೆದು ಮುಗಿಸುತ್ತಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದು ಹುಟ್ಟಿದ್ದು ಲೋಹದ ಮೇಲಿನ ತೇವ ಓಡಿಸಲು. ಕೊಳೆ ಬಿಡಿಸಲು ಅದು ಒಳ್ಳೆಯದು. ಆಮೇಲೆ ಲಿಥಿಯಂ ಗ್ರೀಸ್ ಹಚ್ಚಲೇಬೇಕು. ಕೀ ತೂತಿಗೆ ಮಾತ್ರ ಗ್ರೀಸ್ ಬೇಡ, ಗ್ರಾಫೈಟ್ ಪುಡಿ ಸಾಕು.

ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ. ಗಾಜಿನ ಅಂಚಿನಿಂದ ಇಳಿಯುವ ಮಳೆನೀರನ್ನು ಒಳಗೆ ಬರದಂತೆ ತಡೆಯುವುದೇ ಆ ಹಾಳೆ. ಅದನ್ನು ಮತ್ತೆ ಅಂಟಿಸಿ, ಬಾಗಿಲ ತಳದ ನೀರಿನ ತೂತುಗಳ ಮಣ್ಣು ಕೆದಕಿ ತೆಗೆಯಬೇಕು. ಬಾಗಿಲು ತೆರೆದಿರುವಾಗಲೇ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಒಳಗಿನ ಮತ್ತು ಹೊರಗಿನ ಹ್ಯಾಂಡಲ್ ಎಳೆದು ನೋಡಬೇಕು. ಮುಚ್ಚಿದ ಮೇಲೆ ಜಾಮ್ ಆದ ಬಾಗಿಲನ್ನು ತೆರೆಯುವುದು ಬಹಳ ಕಷ್ಟ.

ಹಿಂದಿನ ಬಾಗಿಲು ಒಳಗಿನಿಂದ ತೆರೆಯದಿದ್ದರೆ ಬಾಗಿಲಂಚಿನ ಚೈಲ್ಡ್ ಲಾಕ್ ಗುಂಡಿ ನೋಡಿ. ಅದು ಕಾರಣವಲ್ಲವಾದರೆ ದುರಸ್ತಿಯನ್ನು ಮುಂದೂಡಬೇಡಿ. ಅಪಘಾತವಾದಾಗ ಅಥವಾ ಹೊಗೆ ತುಂಬಿದಾಗ ಒಳಗಿದ್ದವರು ಹೊರಬರಬೇಕಾದ ದಾರಿ ಅದು. ಸರಿಯಾಗುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.